ಗಂಟೆ ಬಾರಿಸಿದ ಮನೆಗಳು

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನನಗೆ ಕಲಿಸಿದ ಮೊದಲ ಪಾಠ, ತಂತಿ ಚುಚ್ಚಿದವರೇ ಅದನ್ನು ಕೀಳಬೇಕು ಎಂಬುದು. ಬೋರ್ಡಿನ ಮುಂದೆ ಕೂತು ಇಬ್ಬರಿಗೆ ಸಂಪರ್ಕ ಕೊಟ್ಟ ಮೇಲೆ, ಅವರ ಮಾತು ಮುಗಿದ ಕೂಡಲೇ ತಂತಿಯನ್ನು ಕಿತ್ತು ಅದರ ಜಾಗಕ್ಕೆ ಇಡಬೇಕು. ತೆರೆದದ್ದನ್ನು ಮುಚ್ಚಬೇಕು. ಎರಡನೆಯ ಪಾಠ, ಕಿವಿಗೆ ಬಿದ್ದದ್ದು ಬಾಯಿಗೆ ಬರಬಾರದು. ಚನ್ನಪಟ್ಟಣದಲ್ಲಿ ಇವೆರಡನ್ನೂ ಪಾಲಿಸಿಕೊಂಡು ಬಂದು ಮೇಲ್ವಿಚಾರಕಿಯಾಗಿ ನಿವೃತ್ತಳಾದೆ. ಈಗಲೂ ಬೆಳಕು ಹರಿಯುವ ಮುಂಚೆ ಏಳುತ್ತೇನೆ, ಹಾಸಿಗೆ ಮಡಿಸುತ್ತೇನೆ, ಸ್ನಾನ ಮುಗಿಸಿ ಬೆಳಗಿನ ಪ್ಯಾಸೆಂಜರ್ ಹತ್ತಿ ರಾಮನಗರದಲ್ಲಿ ಇಳಿಯುತ್ತೇನೆ.

ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಬಿತ್ತನೆಬೀಜದ ಅಂಗಡಿಯೊಂದರ ಮೇಲಂತಸ್ತಿನಲ್ಲಿ, ನಮ್ಮ ಒಕ್ಕಲು ಮನೆತನಗಳ ಸಂಘದ ಕಚೇರಿ ಇದೆ. ಹೆಳವರು ಹೇಳಿದ ವಂಶಾವಳಿಗಳನ್ನು ಕೇಳಿ, ಬರೆದು, ಕಂಪ್ಯೂಟರಿಗೆ ಸೇರಿಸುವುದು ಅಲ್ಲಿ ನನ್ನ ಕೆಲಸ.

ಹೆಳವರು ಮನೆತನದ ಹೆಸರು ಹೇಳುವವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಕೈಯಲ್ಲೊಂದು ಗಂಟೆ ಹಿಡಿದು ಊರಿಗೆ ಬರುತ್ತಾರೆ. ಮೂಲಪುರುಷ ಎಲ್ಲಿಂದ ಬಂದ, ಯಾವ ದೇವರ ಒಕ್ಕಲು, ಅವನ ಮಕ್ಕಳಲ್ಲಿ ಯಾರು ಮಾಗಡಿ ಕಡೆ ಹೋದ, ಯಾರು ಕನಕಪುರದ ಕಾಡಂಚಿಗೆ ಹೋದ, ಯಾರಿಗೆ ಮಕ್ಕಳಾದವು, ಯಾರ ಮನೆ ದೀಪ ಆರಿತು, ಎಲ್ಲವನ್ನೂ ಅಂಗಳದಲ್ಲಿ ನಿಂತು ಒಂದೇ ರಾಗದಲ್ಲಿ ಹೇಳುತ್ತಾರೆ. ಅಕ್ಕಪಕ್ಕದ ಮನೆಯವರೂ ಬಂದು ಕೇಳುತ್ತಾರೆ. ಹೇಳಿ ಮುಗಿಸಿದ ಮೇಲೆ ಮನೆಯವರು ಮೊರದಲ್ಲಿ ರಾಗಿ ತಂದು ಸುರಿಯುತ್ತಾರೆ. ಹೆಳವನ ಬಾಯಿಂದ ಬಂದದ್ದೇ ಪ್ರಮಾಣ. ಅವನ ಮಾತನ್ನು ನಂಬದ ಮನೆಯಲ್ಲಿ ಅವನಿಗೆ ಕೆಲಸವಿಲ್ಲ, ರಾಗಿಯೂ ಇಲ್ಲ.

ನಮ್ಮ ಕಡೆಯ ಮನೆತನಗಳಿಗೆ ಹೆಸರು ಹೇಳುವ ಹೆಳವಯ್ಯ ನನ್ನ ವಾರಿಗೆಯವರು. ನಾನು ಲಂಗ ಉಟ್ಟಿದ್ದಾಗ ಅವರು ತಮ್ಮ ತಂದೆಯ ಎತ್ತಿನ ಹಗ್ಗ ಹಿಡಿದು ನಮ್ಮ ಅಂಗಳಕ್ಕೆ ಬರುತ್ತಿದ್ದರು. ಸಂಘದ ಕಾರ್ಯದರ್ಶಿ ಅವರನ್ನು ಕಚೇರಿಗೆ ಕರೆಸಿ, ಗೊತ್ತಿರುವ ಮನೆತನಗಳನ್ನೆಲ್ಲ ಮೈಕಿನ ಮುಂದೆ ಹೇಳಬೇಕು ಎಂದಾಗ ಅವರು ಕೂಡಲೇ ಒಪ್ಪಲಿಲ್ಲ.

"ಎಲ್ಲಾನೂ ಇದ್ರಾಗೆ ತುಂಬ್ಕೊಂಬುಟ್ರೆ ನನ್ನ ಯಾರು ಕರೀತಾರೆ ಸ್ವಾಮಿ? ರಾಗಿ ಅಳೆಯೋರು ಯಾರು?"

"ಅಯ್ಯೋ, ಮೆಷಿನ್ನು ನಿನ್ನಂಗೆ ಎತ್ತಿನ ಮ್ಯಾಲೆ ಕೂತ್ಕೊಂಡು ಬತ್ತದೇನ್ಲಾ?" ಎಂದು ಕಾರ್ಯದರ್ಶಿ ನಕ್ಕರು. "ನಿನ್ ಬಾಗಿಲು ನಿಂಗೇ. ಒಂದ್ಮನೆ ಬಾಗಿಲೂ ಮುಚ್ಚಕಿಲ್ಲ. ನಾನಿವ್ನಿ."

ಹೆಳವಯ್ಯ ನನ್ನ ಕಡೆ ನೋಡಿದರು. ಮಾತು ಕೊಡುವ ಅಧಿಕಾರ ನನಗಿರಲಿಲ್ಲ. ಅವರು ಗಂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಲು ಶುರು ಮಾಡಿದರು. ಒಂದು ಮಳೆಗಾಲ ಪೂರ್ತಿ ಹೇಳಿದರು.

ಇಷ್ಟನ್ನೂ ಇಡುವುದು ಎಲ್ಲಿ, ಬೇಕಾದಾಗ ಹುಡುಕುವುದು ಹೇಗೆ? ಮೊದಲು ಎಕ್ಸೆಲ್ಲಿನಲ್ಲಿ ಅಡ್ಡಸಾಲು ಉದ್ದಸಾಲು ಹಾಕಿ ತುಂಬಿಸಿದರು. ಒಬ್ಬನಿಗೆ ಇಬ್ಬರು ಹೆಂಡತಿಯರು, ಒಬ್ಬಳಿಗೆ ಏಳು ಮಕ್ಕಳು, ಇನ್ನೊಬ್ಬಳಿಗೆ ದತ್ತು ಎಂದಾಗ ಮನೆಗಳೆಲ್ಲ ಖಾಲಿ ಚೌಕಗಳಾಗಿ ಹರಡಿಕೊಂಡವು. ಯಾರ ಮಗ ಯಾರು ಎಂದು ಬೆರಳಿಟ್ಟು ಹುಡುಕಬೇಕಾಯಿತು. ಆಮೇಲೆ ಬಿಡದಿಯಿಂದ ಬಸ್ಸಿನಲ್ಲಿ ಬರುವ ಇಂಜಿನಿಯರ್ ಹುಡುಗಿಯೊಬ್ಬಳನ್ನು ನೇಮಿಸಿದರು. ಅವಳು ಹಳೆಯದನ್ನೆಲ್ಲ ಪಕ್ಕಕ್ಕೆ ಸರಿಸಿ, ಒಂದೊಂದು ಮನೆತನವೂ ಒಂದೊಂದು ಎಕ್ಸ್‌ಎಂಎಲ್ ದಾಖಲೆ ಎಂದಳು.

ನನಗೆ ಅದು ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ತಂದೆಯ ಹೆಸರಿಗೊಂದು ಗುರುತು ತೆರೆಯುತ್ತೀರಿ. ಅದರೊಳಗೆ ಮಕ್ಕಳ ಗುರುತುಗಳನ್ನು ತೆರೆಯುತ್ತೀರಿ, ಅವುಗಳೊಳಗೆ ಮೊಮ್ಮಕ್ಕಳದನ್ನು. ಒಳಗಿನದು ಮುಚ್ಚಿದ ಮೇಲೆ ಹೊರಗಿನದನ್ನು ಮುಚ್ಚಬೇಕು. ಒಂದನ್ನು ಮುಚ್ಚಲು ಮರೆತರೂ ಇಡೀ ದಾಖಲೆಯನ್ನು ಯಂತ್ರ ತಿರಸ್ಕರಿಸುತ್ತದೆ. ಒಲೆಯ ಮೇಲೆ ಹಾಲಿಟ್ಟು ಮರೆಯುವವರಿಗೆ ಒಗ್ಗುವ ಕೆಲಸ ಅಲ್ಲ ಅದು. ನನಗೆ ಒಗ್ಗಿತು.

"ಮೇಡಂ, ಕೇಳಿಸಿದ್ದೆಲ್ಲಕ್ಕೂ ಗುರುತು ಹಾಕಿ. ಕೆಮ್ಮಿದ್ರೂ ಹಾಕಿ. ಬೇಡ ಅಂದ್ರೆ ಆಮೇಲೆ ತೆಗೀಬಹುದು. ಹಾಕ್ದೇ ಇದ್ರೆ ಆಮೇಲೆ ಸಿಗಲ್ಲ," ಎಂದಿದ್ದಳು ಹುಡುಗಿ.

ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಹೆಳವಯ್ಯನವರ ರಾಗ ಹರಿಯುತ್ತ ಹೋಗುತ್ತದೆ, ಮನೆತನದ ಮೇಲೆ ಮನೆತನ ಬರುತ್ತದೆ, ಗಂಟೆಯ ಸದ್ದೇ ಇರುವುದಿಲ್ಲ. ಇದ್ದಕ್ಕಿದ್ದಂತೆ ಯಾವುದೋ ಮನೆಯ ನಡುವೆ, ಒಂದು ಹೆಸರಿನ ಮೇಲೆ, ಗಂಟೆ ಜೋರಾಗಿ ಬಡಿಯುತ್ತದೆ. ಆ ಹೆಸರು ಸದ್ದಿನ ಅಡಿಗೆ ಹೋಗುತ್ತದೆ. ನಾನು ಹಿಂದಕ್ಕೆ ತಿರುಗಿಸಿ, ಮತ್ತೆ ಮತ್ತೆ ಕೇಳಿ, ಅಡಿಯಲ್ಲಿದ್ದ ಹೆಸರನ್ನು ಬಿಡಿಸಿ ಬರೆದೆ. ಪಕ್ಕದಲ್ಲಿ ಗಂಟೆ ಎಂದು ಗುರುತು ಹಾಕಿದೆ. ಗಂಟೆ ಕೇಳಿಸಿತು, ಗಂಟೆ ಎಂದು ಬರೆದೆ. ಗಂಟಲು ಒಣಗಿದಾಗ ಉಸಿರು ತೆಗೆದುಕೊಳ್ಳಲು ಬಾರಿಸುತ್ತಾರೆ ಎಂದುಕೊಂಡಿದ್ದೆ.

ದಾಖಲೆಗಳು ಬೆಳೆದಂತೆ ಹುಡುಕುವುದು ನಿಧಾನವಾಯಿತು. ಮಾಗಡಿಯಿಂದ ವಿರೂಪಾಕ್ಷಿಪುರಕ್ಕೆ ಬಂದವರ ಮೊಮ್ಮಕ್ಕಳನ್ನು ತೋರಿಸು ಎಂದರೆ ಯಂತ್ರ ಪ್ರತಿ ದಾಖಲೆಯನ್ನೂ ಮೊದಲಿನಿಂದ ಕೊನೆಯವರೆಗೆ ಓದುತ್ತ ಹೋಗುತ್ತಿತ್ತು. ನಾವು ಕೆಳಗಿಳಿದು ಕಾಫಿ ಕುಡಿದು ಬಂದರೂ ಓದುತ್ತಲೇ ಇರುತ್ತಿತ್ತು. ಹುಡುಗಿ ಒಂದು ಮಧ್ಯಾಹ್ನ ಕೂತು ಸೂಚಿ ಕಟ್ಟಿದಳು. ಯಾವ ಗುರುತು ಯಾವ ಯಾವ ದಾಖಲೆಯಲ್ಲಿದೆ ಎಂದು ಯಂತ್ರವೇ ಮೊದಲೇ ಗೊತ್ತುಮಾಡಿಕೊಂಡಿರುವ ವ್ಯವಸ್ಥೆ ಅದು. "ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಅಂತ ಯೋಚನೆ ಮಾಡೋದ್ಯಾಕೆ ಮೇಡಂ, ಎಲ್ಲಾ ಗುರುತಿಗೂ ಕಟ್ಟಿದೀನಿ," ಎಂದಳು. ಅಂದಿನಿಂದ ಕೇಳಿದ್ದು, ಬೆರಳು ಎತ್ತುವಷ್ಟರಲ್ಲಿ ಬರತೊಡಗಿತು.

ಸಂಘದ ವಾರ್ಷಿಕ ಸಭೆಯಲ್ಲಿ ಈ ಧ್ವನಿಯನ್ನು ಕೇಳಿಸಬೇಕೆಂದು ಕಾರ್ಯದರ್ಶಿಗೆ ಆಸೆಯಾಯಿತು. ಕೂತು ಕೇಳಿದರು. ಗಂಟೆ ಬಡಿದಾಗ ಮುಖ ಕಿವುಚಿದರು.

"ಏನ್ ಕರ್ಮ ಕಣಮ್ಮ ಇದು, ಕಿವಿ ತೂತಾಯ್ತದೆ. ಎಲ್ಲೆಲ್ಲಿ ಬಡ್ದವ್ನೆ ನೋಡು, ಕತ್ತರಿಸಿ ಬುಡು."

ಹುಡುಗಿ ಗಂಟೆ ಎಂದು ಹುಡುಕಿದಳು. ಪರದೆಯ ಮೇಲೆ ಮನೆತನಗಳ ಪಟ್ಟಿ ಬಂತು. ಕಾರ್ಯದರ್ಶಿ ಕನ್ನಡಕ ಹಾಕಿಕೊಂಡು ಓದಿದರು. ಮೊದಲ ಹೆಸರಿಗೆ ಹುಬ್ಬು ಏರಿತು. ಎರಡನೆಯದಕ್ಕೆ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಆಮೇಲೆ ತೊಡೆ ತಟ್ಟಿಕೊಂಡು ನಗತೊಡಗಿದರು.

"ಅಕ್ಕಾ, ನೋಡ್ದ್ರಾ! ಇವ್ರೆಲ್ಲ ಕೂಡಿಕೆ ಸಾಲ್ನೋರು! ನಮ್ಮವ್ವ ಒಲೆ ಮುಂದೆ ಕುಂತ್ಕೊಂಡು ಯಾರ್ ಯಾರ್ದು ಗುಸುಗುಸು ಅಂತಿದ್ಲೋ, ಅವ್ರೆಲ್ಲ ಇಲ್ಲವ್ರೆ. ನಂಗೆ ಗೊತ್ತಿಲ್ದಿರೋರೂ ಅವ್ರೆ!"

ಹಿಂದೆ ಗಂಡ ಸತ್ತ ಚಿಕ್ಕ ವಯಸ್ಸಿನ ಹೆಣ್ಣನ್ನು, ಹಸೆ ಚಪ್ಪರ ಇಲ್ಲದೆ, ಒಂದು ಸೀರೆ ಉಡಿಸಿ ಇನ್ನೊಬ್ಬನಿಗೆ ಕೂಡಿಸುತ್ತಿದ್ದರು. ಅದು ಕೂಡಿಕೆ. ಅವಳ ಮಕ್ಕಳಿಗೆ ಹೊಲ ಸಿಗುತ್ತಿತ್ತು, ಊಟದ ಪಂಕ್ತಿ ಸಿಗುತ್ತಿತ್ತು. ಆದರೆ ಹೆಣ್ಣು ಕೊಡುವಾಗ, ತರುವಾಗ, ಅವರದು ಬೇರೆ ಸಾಲು. ತಲೆಮಾರು ಕಳೆದರೂ ಬೇರೆ ಸಾಲೇ. ಹೆಳವ ಮನೆಯ ಸತ್ಯವನ್ನು ಬಿಡುವಂತಿಲ್ಲ. ಅಂಗಳದಲ್ಲಿ ನೆರೆಯವರು ಕೂತಿರುತ್ತಾರೆ. ಅದಕ್ಕೆ ಆ ಹೆಂಗಸಿನ ಹೆಸರು ಬಂದ ಕಡೆ ಗಂಟೆ ಬಾರಿಸುತ್ತಾನೆ. ಹತ್ತಿರ ಕೂತ ಮನೆಯ ಹಿರಿಯನಿಗೆ ಹೆಸರು ಕೇಳುತ್ತದೆ, ದೂರ ನಿಂತವರಿಗೆ ಗಂಟೆ ಕೇಳುತ್ತದೆ. ಅಪ್ಪ ಮಗನಿಗೆ ಕಲಿಸಿದ ಮರ್ಯಾದೆ ಅದು. ಮೈಕಿನ ಮುಂದೆ ಕೂತಾಗಲೂ ಕೈ ಅದನ್ನು ತಾನಾಗಿ ಮಾಡಿತ್ತು.

"ನಿಮ್ಮನೇದು ನೋಡ್ಲಾ ಅಕ್ಕಾ?" ಎಂದರು ಕಾರ್ಯದರ್ಶಿ, ಬೆರಳನ್ನು ಕೀಲಿಯ ಮೇಲಿಟ್ಟುಕೊಂಡು.

"ನೋಡಿ," ಎಂದೆ.

ನಮ್ಮ ತವರಿನ ದಾಖಲೆಯಲ್ಲಿ ಗಂಟೆ ಇರಲಿಲ್ಲ. ನನ್ನ ಎದೆ ಹಗುರಾಯಿತು. ಹಗುರಾದದ್ದು ನನಗೇ ಇಷ್ಟವಾಗಲಿಲ್ಲ, ಆದರೂ ಹಗುರಾಯಿತು.

"ಆ ಪಟ್ಟಿ ಮುಚ್ಚಿ," ಎಂದು ಹುಡುಗಿಗೆ ಹೇಳಿದೆ. ಅವಳು ಮುಚ್ಚಿದಳು. ಕಾರ್ಯದರ್ಶಿಯ ಬಾಯಿ ಮುಚ್ಚಲಿಲ್ಲ. ಕೆಳಗಿನ ಅಂಗಡಿಯಲ್ಲಿ ಹೇಳಿದರು, ಟೀ ಕುಡಿಯುತ್ತ ಹೇಳಿದರು, ಗೂಡಿನ ಮಾರುಕಟ್ಟೆಯಲ್ಲಿ ಹೇಳಿದರು. ಗಂಡಿನ ಕಡೆಯವರು ಮೆಟ್ಟಿಲು ಹತ್ತಿ ಬರತೊಡಗಿದರು. ಅವರಿಗೆ ವಂಶಾವಳಿ ಬೇಕಿರಲಿಲ್ಲ. "ಒಸಿ ಗಂಟೆ ನೋಡಿ ಸಾರ್," ಎನ್ನುತ್ತಿದ್ದರು. ನೋಡಿಕೊಂಡು ಟೀ ಮುಗಿಸದೆ ಎದ್ದು ಹೋಗುತ್ತಿದ್ದರು.

ವಿರೂಪಾಕ್ಷಿಪುರದ ಕಡೆಯ ಹಿಪ್ಪುನೇರಳೆ ಬೆಳೆಗಾರನೊಬ್ಬನ ಮಗಳಿಗೆ ಕನಕಪುರದ ಕಡೆ ಗಂಡು ಗೊತ್ತಾಗಿತ್ತು. ಸೀರೆ ತಂದಾಗಿತ್ತು. ಗಂಡಿನ ಚಿಕ್ಕಪ್ಪ ಕಚೇರಿಗೆ ಬಂದು ಹೋದ. ಮಾರನೆಯ ದಿನ ಆ ಕಡೆಯಿಂದ ಫೋನು ಬಂತಂತೆ: ಜಾತಕ ಕೂಡಲಿಲ್ಲ.

ಆ ತಂದೆ ಮೆಟ್ಟಿಲು ಹತ್ತಿ ಬಂದದ್ದು ಕಾರ್ಯದರ್ಶಿಯನ್ನು ಕೇಳಲು ಎಂದುಕೊಂಡೆ. ಅಲ್ಲ. ಕಾರ್ಯದರ್ಶಿಗೆ ಕೈ ಮುಗಿದ. ಕೇಳಿದ್ದು ಹೆಳವನನ್ನು.

"ಎಲ್ಲವ್ನೆ ಆ ಹೆಳವ? ನಮ್ಮಪ್ಪನ ಕಾಲ್ದಿಂದ ಅವ್ನಿಗೆ ರಾಗಿ ಅಳ್ದಿವ್ನಿ. ನನ್ ಮಗಳ್ ಬಾಳಿಗೇ ಗಂಟೆ ಕಟ್ಟಿದ್ನಲ್ಲ ಸಾರ್, ಕರ್ಸಿ ಅವ್ನ!"

ಕಾರ್ಯದರ್ಶಿಗೂ ಅದೇ ಬೇಕಾಗಿತ್ತು. ಸಿಟ್ಟು ತಮ್ಮ ಕಡೆ ತಿರುಗುವ ಮುಂಚೆ ಅದು ಬೀಳಲು ಇನ್ನೊಬ್ಬನ ಬೆನ್ನು ಒದಗಿಸಬೇಕಿತ್ತು. ಸಭೆ ಕರೆದರು. ಗಂಟೆ ಬಡಿದ ಮನೆಯವರು ಒಂದು ಕಡೆ ಕೂತರು, ಬಡಿಯದ ಮನೆಯವರು ಇನ್ನೊಂದು ಕಡೆ. ಹಾಗೆ ಕೂರಿ ಎಂದು ಯಾರೂ ಹೇಳಿರಲಿಲ್ಲ. ಹೆಳವಯ್ಯ ಬಂದು ಬಾಗಿಲ ಬಳಿ ನೆಲದ ಮೇಲೆ ಕೂತರು. ನನ್ನ ಕುರ್ಚಿಯನ್ನು ಅವರ ಕಡೆ ಸರಿಸಿದೆ. ಕಾರ್ಯದರ್ಶಿ ಅದನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದರು.

ಮದುವೆ ಮುರಿದ ಹುಡುಗಿಯ ತಂದೆ ಕಬ್ಬಾಳಿಗೆ ಹೋಗಿ ಅಮ್ಮನ ಕುಂಕುಮ ತಂದಿದ್ದ. ಎಲೆಯ ಮೇಲೆ ಹರಡಿ ಹೆಳವಯ್ಯನ ಮುಂದಿಟ್ಟ.

"ಕಬ್ಬಾಳಮ್ಮನ ಕುಂಕ್ಮ ಇದು. ಇದ್ರ ಮ್ಯಾಲೆ ಕೈ ಮಡಗಿ ಯೋಳು. ಗಂಟೆ ಸುಮ್ಕೆ ಬಡ್ದೆ, ಅದ್ರಾಗೇನೂ ಇಲ್ಲ ಅಂತ ಯೋಳು."

ಇನ್ನೊಂದು ಸಾಲಿನಿಂದ ಒಬ್ಬ ಕೂಗಿದ: "ಸುಮ್ಕೆ ಬಡ್ದಿದ್ರೆ ನಮ್ಮನೇಲ್ಯಾಕ್ಲಾ ಬಡೀಲಿಲ್ಲ? ನಿಜ ಯೋಳು. ಯಾರ್ ಯಾರು ಅಂತ ಇಲ್ಲೇ ಬಾಯ್ಬುಟ್ಟು ಯೋಳು."

ಹೆಳವಯ್ಯನ ಮುಂದಿದ್ದದ್ದು ಇಷ್ಟೇ. ಸುಮ್ಮನೆ ಬಡಿದೆ ಎಂದರೆ ಅಮ್ಮನ ಮೇಲೆ ಸುಳ್ಳು ಆಣೆ. ಸುಳ್ಳು ಹೇಳಿದ ಹೆಳವನನ್ನು ಯಾವ ಮನೆಯೂ ಕರೆಯುವುದಿಲ್ಲ. ನಿಜ ಹೇಳಿದರೆ ಒಂದು ಸಾಲಿನ ಮನೆಗಳನ್ನು ತುಂಬಿದ ಸಭೆಯಲ್ಲಿ ಬೆತ್ತಲೆ ಮಾಡಿದಂತೆ. ಯಾವ ಕಡೆ ಕಾಲಿಟ್ಟರೂ ಅವರ ಬಾಗಿಲುಗಳು ಮುಚ್ಚುತ್ತಿದ್ದವು.

ಹೆಳವಯ್ಯ ಕುಂಕುಮ ಮುಟ್ಟಲಿಲ್ಲ. ಎದ್ದು ನಿಂತರು.

"ಮೊದ್ಲು ಯೋಳಿದ್ದು ಸರಿಗೆ ಬಂದಿಲ್ಲ ಸ್ವಾಮಿ. ಇನ್ನೊಂದು ಕಿತ ಯೋಳ್ತೀನಿ. ಅವ್ವಾರೆ, ಮೈಕ್ ಹಾಕಿ."

ನಾನು ಹಾಕಿದೆ.

ಶುರು ಮಾಡಿದ್ದು ಕಾರ್ಯದರ್ಶಿಯ ಮನೆತನದಿಂದ. ಮೂಲಪುರುಷನ ಹೆಸರು ಹೇಳಿ ಗಂಟೆ ಬಾರಿಸಿದರು. ಅವನ ಮಗನ ಹೆಸರು ಹೇಳಿ ಬಾರಿಸಿದರು. ಮೊಮ್ಮಗನಿಗೆ ಬಾರಿಸಿದರು, ಸೊಸೆಗೆ ಬಾರಿಸಿದರು.

"ಏಯ್! ನಮ್ಮನೆಗ್ಯಾಕ್ಲಾ ಗಂಟೆ?" ಕಾರ್ಯದರ್ಶಿ ಎದ್ದು ನಿಂತರು.

"ದೊಡ್ಮನೆ ಸ್ವಾಮಿ ನಿಮ್ದು. ದೊಡ್ಮನೆಗೆ ಎರ್ಡೇಟು ಜಾಸ್ತೀನೇ ಬೀಳಬೇಕು."

ಗಂಟೆ ಬಡಿದ ಮನೆಯವರ ಸಾಲಿನಲ್ಲಿ ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು. "ಯೋಳ್ಲಿ ಬುಡಿ ಸಾರ್, ಯೋಳ್ಲಿ!" ಎಂದು ಕೂಗಿದರು. ಹೆಳವಯ್ಯ ಏನು ಮಾಡುತ್ತಿದ್ದಾರೆ ಎಂಬುದು ಆ ಸಾಲಿನವರಿಗೆ ತಿಳಿದುಹೋಗಿತ್ತು. ಹೆಳವಯ್ಯ ಎರಡನೆಯ ಮನೆಗೆ ಹೋದರು, ಮೂರನೆಯದಕ್ಕೆ ಹೋದರು. ಒಂದು ಹೆಸರನ್ನೂ ಬಿಡಲಿಲ್ಲ, ಒಂದು ಹೆಸರೂ ಕೇಳಿಸಲಿಲ್ಲ. ಎಲ್ಲ ಮನೆಯಲ್ಲೂ ಗಂಟೆ, ಎಲ್ಲ ಹೆಸರಿನ ಮೇಲೂ ಗಂಟೆ. ತೋಳು ಸೋತಾಗ ಗಂಟೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. ಜನ ಕಿವಿ ಮುಚ್ಚಿಕೊಂಡು ಒಬ್ಬೊಬ್ಬರೇ ಎದ್ದು ಹೋದರು. ಹೆಳವಯ್ಯ ಆ ದಿನಕ್ಕೆ ನಿಲ್ಲಿಸಿದಾಗ ಕೋಣೆಯಲ್ಲಿ ಉಳಿದವರು ನಾನು, ಕಾರ್ಯದರ್ಶಿ ಮತ್ತು ಆ ತಂದೆ.

"ಇದ್ನೇ ಒಳಗಾಕಿ ಸಾರ್. ಮೊದ್ಲಿಂದು ತೆಗ್ದಾಕಿ," ಎಂದ ತಂದೆ.

"ಹಂಗೇ ಆಗ್ಲಿ," ಎಂದರು ಕಾರ್ಯದರ್ಶಿ.

ಆ ತಂದೆ ಕುಂಕುಮದ ಎಲೆಯನ್ನು ಮಡಚಿಕೊಂಡು, ಹೆಳವಯ್ಯನನ್ನು ದಾಟಿಕೊಂಡು ಇಳಿದುಹೋದ.

ಉಳಿದ ಮನೆತನಗಳನ್ನೂ ಹೆಳವಯ್ಯ ದಿನಾ ಬಂದು ಹಾಗೇ ಹೇಳಿ ಮುಗಿಸಿದರು. ನಾನು ಹೊಸದನ್ನು ಕೇಳಿ ಬರೆದೆ. ಹೆಸರು, ಗಂಟೆ. ಹೆಸರು, ಗಂಟೆ. ಹುಡುಗಿ ಹಳೆಯ ದಾಖಲೆಗಳ ಜಾಗದಲ್ಲಿ ಹೊಸವನ್ನು ಇಟ್ಟಳು. ಗಂಟೆ ಎಂದು ಹುಡುಕಿದರೆ ಈಗ ಎಲ್ಲ ಮನೆತನಗಳೂ ಬಂದವು. ಅಂಥ ಪಟ್ಟಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನೋಡಿ ತೃಪ್ತಿಯಾಯಿತು. ಹುಡುಗಿಗೆ ಆಗಲಿಲ್ಲ. ಕಾರ್ಯದರ್ಶಿ ಹೊರಗೆ ಹೋದ ಮೇಲೆ ಮೆಲ್ಲಗೆ ಹೇಳಿದಳು:

"ಮೇಡಂ, ಹಳೇದು ಹೋಗಲ್ಲ. ಮೇಲೆ ಹೊಸದು ಕೂರುತ್ತೆ ಅಷ್ಟೆ. ಹಳೆ ತಾರೀಖು ಕೊಟ್ಟು ಕೇಳಿದ್ರೆ ಹಳೇ ಪಟ್ಟಿನೇ ಕೊಡುತ್ತೆ. ಯಾರಾದ್ರೂ ತಪ್ಪಿ ಅಳಿಸಿಬಿಟ್ರೆ ಅಂತ ನಾನೇ ಹಾಗೆ ಇಟ್ಟಿದ್ದು."

"ಅದನ್ನು ತೆಗೆಯಲು ಬರುತ್ತದೆಯೇ?"

"ಬರುತ್ತೆ. ಸಾರ್ ಒಪ್ಪಬೇಕು."

ಸಾರ್ ಒಪ್ಪಲಿಲ್ಲ. ಕೇಳಿ ಅವರ ಮುಖ ಅರಳಿತು. "ಇರ್ಲಿ ಬುಡಮ್ಮ, ತಿಂತದಾ ಉಣ್ತದಾ. ನಮ್ಮೋರಿಗೆ ಬೇಕಾದಾಗ ಆಯ್ತದೆ," ಎಂದರು. ಹಳೆಯ ತಾರೀಖು ಕೊಡುವುದು ಹೇಗೆಂದು ಅವಳಿಂದಲೇ ಕಲಿತುಕೊಂಡರು. ಗಂಡಿನ ಕಡೆಯವರು ಬಂದರೆ ಈಗ ಬಾಗಿಲು ಹಾಕಿಕೊಂಡು ನೋಡುತ್ತಾರೆ. ಮೊದಲು ಬಾಗಿಲು ತೆರೆದಿರುತ್ತಿತ್ತು, ಅಷ್ಟೇ ವ್ಯತ್ಯಾಸ.

ಸುಗ್ಗಿ ಮುಗಿಯಿತು. ಹೆಳವಯ್ಯ ಎತ್ತು ಹತ್ತಿ ಹೊರಟರು. ಮೊದಲು ಗಂಟೆ ಬಡಿಯದಿದ್ದ ಮನೆಯವರು, "ನಮ್ಮುನ್ನೂ ಅವ್ರ ಜೊತೀಗೆ ಸೇರ್ಸಿ ಬಡ್ದ್ಯಲ್ಲ, ನಡಿ ಮುಂದುಕ್ಕೆ," ಎಂದರು. ಬಡಿದ ಮನೆಯವರು ಅವರ ಎತ್ತು ಬೀದಿ ತಿರುಗುವುದನ್ನು ಕಂಡೇ ಬಾಗಿಲು ಹಾಕಿಕೊಂಡರು. ಹೆಳವಯ್ಯ ನಿಂತ ಅಂಗಳದ ಕಡೆ ನೆರೆಯವರು ನೋಡುತ್ತಾರೆ, ನೋಡಿದರೆ ಹಳೆಯ ಪಟ್ಟಿ ನೆನಪಾಗುತ್ತದೆ. ಮದುವೆ ಮುರಿದ ಆ ಹುಡುಗಿಯ ತಂದೆ ಬಾಗಿಲು ಹಾಕಲಿಲ್ಲ, ನಾಯಿ ಬಿಟ್ಟ. ಇದನ್ನು ನನಗೆ ಹೇಳಿದ್ದು ಕಾರ್ಯದರ್ಶಿ. ಹೇಳುವಾಗ ಎತ್ತು ಹೇಗೆ ಬೆದರಿತು ಎಂದು ಕೈಯಲ್ಲಿ ಮಾಡಿ ತೋರಿಸಿದರು.

ರಾಗಿ ಕಣ ಖಾಲಿಯಾದ ಮೇಲೆ ಒಂದು ದಿನ ಹೆಳವಯ್ಯ ಬಸ್ಸಿನಲ್ಲಿ ರಾಮನಗರಕ್ಕೆ ಬಂದರು. ಎತ್ತು ಎಲ್ಲಿ ಎಂದು ನಾನು ಕೇಳಲಿಲ್ಲ. ಕೈಯಲ್ಲಿ ಗಂಟೆ ಇತ್ತು, ಅದರ ನಾಲಗೆಗೆ ಬಟ್ಟೆ ಸುತ್ತಿದ್ದರು. ಕಚೇರಿಯಲ್ಲಿ ನಾನೊಬ್ಬಳೇ ಇದ್ದೆ. ಕುರ್ಚಿ ಸರಿಸಿದೆ. ಈ ಸಲ ಕೂತರು.

"ಅವ್ವಾರೆ, ಒಂದು ಕೇಳಬೇಕಿತ್ತು. ಅಳ್ಸೋಯ್ತಾ ಅದು?"

ಹೌದು ಎಂದಿದ್ದರೆ ಅವರು ಎದ್ದು ಹೋಗುತ್ತಿದ್ದರು. ಗಿರಾಕಿಗೆ ಇಲ್ಲದ ಸಂಪರ್ಕವನ್ನು ಇದೆ ಎಂದು ನಾನು ಯಾವತ್ತೂ ಹೇಳಿದವಳಲ್ಲ.

"ಇಲ್ಲ ಹೆಳವಯ್ಯ. ಮೊದಲಿನದೂ ಹಾಗೇ ಇದೆ. ಅಡಿಯಲ್ಲಿದೆ. ಕಾರ್ಯದರ್ಶಿಗೆ ಅದನ್ನು ಹೊರತೆಗೆಯಲು ಬರುತ್ತದೆ. ತೆಗೆದು ನೋಡುತ್ತಿದ್ದಾರೆ."

ಅವರು ಯಂತ್ರದ ಕಡೆ ನೋಡಿದರು. ಸಿಟ್ಟು ಬಂದಂತೆ ಕಾಣಲಿಲ್ಲ.

"ನಾವೂ ಯಾವ್ದೂ ಅಳಸ್ದೋರಲ್ಲ ಕಣವ್ವ. ಎಲ್ಲಾ ಇತ್ತು ಇಲ್ಲಿ," ಎಂದು ಎದೆ ಮುಟ್ಟಿಕೊಂಡರು. "ಯಾರ್ ಬಂದು ಕೇಳುದ್ರೂ ಕೊಡ್ತಿರ್ಲಿಲ್ಲ. ಅಷ್ಟೇಯ."

ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ನಮ್ಮನೇದು ಒಸಿ ಹುಡುಕಿ. ನಮ್ಮಪ್ಪನ ಯೆಸ್ರು ಹಾಕಿ."

ಅವರು ಹೇಳಿದ ಹೆಸರನ್ನು ಹಾಕಿದೆ. ಅಷ್ಟೆಲ್ಲ ಮನೆತನಗಳನ್ನು ಹೇಳಿದವರನ್ನು, ಅವರ ಮನೆಯದು ಯಾವುದು ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಉತ್ತರ ಬೆರಳು ಎತ್ತುವ ಮುಂಚೆ ಬಂತು.

"ಏನಂತೆ?"

"ಇಲ್ಲವಂತೆ."

"ಹಳೇದ್ರಾಗೂ?"

ಹಳೆಯ ತಾರೀಖು ಕೊಟ್ಟು ನೋಡಿದೆ. "ಅದರಲ್ಲೂ ಇಲ್ಲ."

"ಹಂಗಾರೆ ನನ್ ಮೊಮ್ಮಗಳಿಗೆ ಗಂಡು ಸಿಕ್ತದೆ ಬುಡಿ," ಎಂದು ಎದ್ದರು. ಬಾಗಿಲ ಬಳಿ ಗಂಟೆಯ ಬಟ್ಟೆಯನ್ನು ಇನ್ನಷ್ಟು ಬಿಗಿಮಾಡಿಕೊಂಡು, ಸದ್ದಾಗದಂತೆ ಮೆಟ್ಟಿಲು ಇಳಿದರು.

ಕೆಳಗಿನಿಂದ ಯಾರೋ ಹತ್ತಿ ಬರುತ್ತಿದ್ದರು. ಹೊಸ ಪಂಚೆ ಉಟ್ಟ ಇಬ್ಬರು, ಮಾಗಡಿ ಕಡೆಯವರು. ಹೆಳವಯ್ಯ ಗೋಡೆಗೆ ಒರಗಿ ಅವರಿಗೆ ದಾರಿ ಬಿಟ್ಟರು. ಅವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾರ್ಯದರ್ಶಿ ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳಿದರು. ಊಟ ಮುಗಿಸಿ ಬರುತ್ತಾರೆ ಎಂದೆ. ಬೆಂಚು ತೋರಿಸಿದೆ.